ಮುಧೋಳವೋ ಬೀಗಲ್ಲೋ? ಮೊದಲು ಬೇಲಿ ನೋಡಿ

ಪ್ರಶ್ನೆ: ಸುತ್ತ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ನಡುವೆ ನಮ್ಮ ಮನೆ. ನಾನು ದಿನಾ ಬೆಳಿಗ್ಗೆ 5 ಕಿ.ಮೀ. ಓಡುತ್ತೇನೆ. ಮಕ್ಕಳಿಗೆ 9 ಮತ್ತು 12 ವರ್ಷ, ಒಂದು ಕಡೆ ಕೂರುವವರಲ್ಲ. ನಮ್ಮ ಜೊತೆ ಓಡಾಡುವಂಥ ನಾಯಿ ಬೇಕು. ಮುಧೋಳ ತರಲೋ, ಬೀಗಲ್ ತರಲೋ? ಕೊಟ್ಟಿಗೆಯಲ್ಲಿ ಎರಡು ಆಕಳು, ಒಂದು ಕರು ಇವೆ; ಬೆಕ್ಕೂ ಇದೆ. ಮನೆಯಲ್ಲಿ ಮೊಟ್ಟೆ, ಮಾಂಸ ಬೇಯಿಸುವುದಿಲ್ಲ.
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಎರಡೂ ಬೇಟೆನಾಯಿಗಳೇ. ಆದರೆ ಮುಧೋಳ ಬೇಟೆಯಾಡುವುದು ಕಣ್ಣಿನಿಂದ, ಬೀಗಲ್ ಮೂಗಿನಿಂದ. ಮುಂದೆ ನಿಮಗೆ ಬರುವ ಪೇಚಾಟವೆಲ್ಲ ಇಲ್ಲಿಂದಲೇ ಶುರು. ದೂರದಲ್ಲಿ ಏನೋ ಅಲುಗಿದರೆ ಸಾಕು, ಮುಧೋಳ ಬಾಣದ ಹಾಗೆ ಹೋಗುತ್ತದೆ. ಬೇಟೆ ಕಣ್ಮರೆಯಾದರೆ ಸಾಮಾನ್ಯವಾಗಿ ನಿಂತು ಹಿಂದಿರುಗುತ್ತದೆ. ಬೀಗಲ್ ಹಾಗಲ್ಲ. ನೆಲಕ್ಕೆ ಮೂಗು ಊರಿ ಜಾಡು ಹಿಡಿಯಿತೆಂದರೆ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳದು. ಮೊಲದ ಜಾಡು ಹಿಡಿದು ಬೆಟ್ಟದೊಳಗೆ ಹೋದ 10 ಕೆ.ಜಿ. ನಾಯಿ ಚಿರತೆಗೆ ಸುಲಭದ ತುತ್ತು. ಆದ್ದರಿಂದ ನಿಮ್ಮ ಮನೆಗೆ ನಾನು ಹೇಳುವುದು ಮುಧೋಳ. ಆದರೆ ಬೇಲಿ ಆದ ಮೇಲೆ.

ತೋಟದ ಅಗಳ (ಕಂದಕ), ದಣಪೆಗಳು (ಅಡ್ಡಗಳುಗಳ ಗೇಟು) ಆಕಳನ್ನು ತಡೆದಾವು, ಮುಧೋಳವನ್ನಲ್ಲ. ಇಡೀ ತೋಟಕ್ಕೆ ಬೇಲಿ ಹಾಕುವುದು ಯಾರಿಂದಲೂ ಆಗದ ಮಾತು. ಅಂಗಳ-ಹಿತ್ತಲು ಸೇರಿಸಿ ಐದಾರು ಗುಂಟೆಗೆ 6 ಅಡಿ ಎತ್ತರದ ಜಾಲರಿ ಹಾಕಿಸಿ. ಅಲ್ಲಿ ಮುಳ್ಳುತಂತಿ ಮಾತ್ರ ಬೇಡ. ಈ ನಾಯಿಯ ಚರ್ಮ ತೆಳು, ಕೆಳಗೆ ಕೊಬ್ಬಿಲ್ಲ. ಓಡುವಾಗ ಅದರ ಕಣ್ಣು ಮೊಲದ ಮೇಲಿರುತ್ತದೆಯೇ ಹೊರತು ತಂತಿಯ ಮೇಲಲ್ಲ. ಎದೆಯಿಂದ ತೊಡೆಯವರೆಗೆ ಬಟ್ಟೆ ಹರಿದಂತೆ ಚರ್ಮ ಸೀಳುತ್ತದೆ. ಬೆಟ್ಟದಲ್ಲಿ ಹಂದಿಗೆಂದು ಕದ್ದು ಒಡ್ಡಿದ ಉರುಳಿನ ಭಯವೂ ಇದೆ. ಸಾಲದ್ದಕ್ಕೆ, ಮೊಲ, ಬರ್ಕ (ಪುಟ್ಟ ಗೊರಸಿನ ಕಾಡುಪ್ರಾಣಿ), ನವಿಲುಗಳ ಮೇಲೆ ನಾಯಿ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ.

ಕೊರಳಪಟ್ಟಿಯಲ್ಲಿ ಬಹಳ ಜನ ಎಡವುತ್ತಾರೆ. ಮುಧೋಳದ ತಲೆ ಕಿರಿದು, ಕೊರಳು ಅದಕ್ಕಿಂತ ದಪ್ಪ. ಅಂಗಡಿಯ ಸಾದಾ ಪಟ್ಟಿ ಹಾಕಿದರೆ ಅದು ಎರಡು ಹೆಜ್ಜೆ ಹಿಂದೆ ಸರಿದು ತಲೆ ಕೊಡವುತ್ತದೆ. ಪಟ್ಟಿ ನಿಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಎಳೆದಾಗ ತುಸು ಬಿಗಿಯುವ, ಒಂದೂವರೆಯಿಂದ ಎರಡು ಇಂಚು ಅಗಲದ ಪಟ್ಟಿ ಬೇಕು. ಬಿಗಿದಾಗಲೂ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ.

ಓಟದ ವಿಷಯ. ಮುಧೋಳ ಮ್ಯಾರಥಾನ್ ನಾಯಿಯಲ್ಲ. ಕೆಲವೇ ನಿಮಿಷ ಪೂರ್ತಿ ವೇಗದಲ್ಲಿ ಓಡಿ, ಆಮೇಲೆ ದಿನವೆಲ್ಲ ಮಲಗುವ ಜಾತಿ. ಅಭ್ಯಾಸ ಮಾಡಿಸಿದರೆ ನಿಮ್ಮ 5 ಕಿ.ಮೀ. ಓಡೀತು, ಆದರೆ 15 ತಿಂಗಳು ತುಂಬುವ ಮೊದಲು ಟಾರು ರಸ್ತೆಯ ಓಟ ಬೇಡ. ಎಳೆ ಕೀಲುಗಳು ಕೆಡುತ್ತವೆ. ನಂತರ 1 ಕಿ.ಮೀ.ಯಿಂದ ಶುರುಮಾಡಿ ವಾರಕ್ಕೆ ಅರ್ಧ ಕಿ.ಮೀ. ಏರಿಸಿ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಎರಡು ತಾಸು ಓಡಿಸಬೇಡಿ.

ಎರಡು ತಿಂಗಳ ಮರಿಯಿಂದ ಜೊತೆಗೆ ಬೆಳೆದರೆ ಮನೆಯೊಳಗೆ ಬೆಕ್ಕಿನೊಂದಿಗೆ ಹೊಂದಿಕೊಳ್ಳುತ್ತದೆ. ಅದೇ ಬೆಕ್ಕು ಹಿತ್ತಲಲ್ಲಿ ಓಡಿದರೆ ಮಾತು ಬೇರೆ. ಕರುವಿನ ಹತ್ತಿರ ಮೊದಲ ಆರು ತಿಂಗಳು ಹಗ್ಗ ಹಿಡಿದೇ ಬಿಡಿ.

ಊಟಕ್ಕೆ ಅನ್ನ-ಮಜ್ಜಿಗೆ ಸಾಲದು. ಮುಧೋಳದ ಕಡೆ ಜೋಳ, ಹಾಲಿನಲ್ಲಿ ಸಾಕುವವರಿದ್ದಾರೆ ನಿಜ, ಆದರೆ ಬೆಳೆಯುವ ಮರಿಗೆ ಪ್ರೋಟೀನ್ ಕಡಿಮೆ ಬಿದ್ದರೆ ಕಾಲು, ಬೆನ್ನು ಬಲಿಯುವುದಿಲ್ಲ. ಮೊಟ್ಟೆ ಒಳಗೆ ಬರುವಂತಿಲ್ಲವಾದರೆ ಒಣ ಆಹಾರ ಕೊಳ್ಳಿ. ಚೀಲದ ಮೇಲೆ ಪ್ರೋಟೀನ್ ಮರಿಗೆ ಶೇ 22ಕ್ಕಿಂತ, ದೊಡ್ಡ ನಾಯಿಗೆ ಶೇ 18ಕ್ಕಿಂತ ಕಡಿಮೆ ಇರಬಾರದು. ಬೆಳೆದ ಮುಧೋಳಕ್ಕೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ. ಬಂದ ನೆಂಟರೆಲ್ಲ ‘ಪಾಪ, ಬಡಕಲಾಗಿದೆ’ ಎಂದಾರು. ಅವರ ಮಾತು ಕೇಳಿ ತುಂಬಬೇಡಿ.

ಇನ್ನು ತೋಟದ ವಿಷಗಳು. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ತಿಂಡಿಯಂತೆ ಕಾಣುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ನಡುಕ, ಸೆಳೆತ ಬರುತ್ತವೆ. ಮನೆಮದ್ದು ಮಾಡುತ್ತ ಕೂರದೆ ಗುಳಿಗೆಯ ಪೊಟ್ಟಣದ ಸಮೇತ ಪಶುವೈದ್ಯರಲ್ಲಿಗೆ ಓಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ದಿನ ಡ್ರಮ್ಮಿನ ತಳದ ನೀರನ್ನು ತೆರೆದಿಡಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಬೆಟ್ಟಕ್ಕೆ ಹೋದ ನಾಯಿ ಅದನ್ನು ಹರಡುವ ಉಣುಗನ್ನು (ಉಣ್ಣೆ) ಮೈಮೇಲೆ ಹೊತ್ತು ಜಗಲಿಗೆ ತರಬಲ್ಲದು. ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ. ಸಿಕ್ಕಿದ್ದನ್ನು ಉಗುರಿನಿಂದ ಹಿಚುಕದೆ ಚಿಮಟದಿಂದ ಬುಡ ಹಿಡಿದು ಎಳೆದು ಸ್ಪಿರಿಟ್ಟಿಗೆ ಹಾಕಿ. ಆಕಳಿಗೆ ತಂದ ಉಣುಗಿನ ಔಷಧವನ್ನು ಅಂದಾಜಿಗೆ ಬೆರೆಸಿ ನಾಯಿಗೆ ಬಳಿಯಬೇಡಿ. ಅದಕ್ಕೆ ತೂಕ ನೋಡಿ ಕೊಡುವ ಮಾತ್ರೆಗಳೇ ಇವೆ. ರೇಬಿಸ್ ಲಸಿಕೆಯ ಜೊತೆ ಇಲಿಜ್ವರದ ಲಸಿಕೆಯನ್ನೂ ಬಿಡಬೇಡಿ. ಸಂತಾನಹರಣ ಚಿಕಿತ್ಸೆಗೆ ಒಯ್ದಾಗ ಇದು ಮುಧೋಳ ಎಂದು ಮೊದಲೇ ಹೇಳಿ. ಕೊಬ್ಬಿಲ್ಲದ ಮೈಯಾದ್ದರಿಂದ ಥಯೋಪೆಂಟಾಲ್‌ನಂಥ ಅರಿವಳಿಕೆ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಂಜೆ ಕಡಲತೀರದಲ್ಲಿ ಓಡಿಸಿದರೆ ಬೀಗಲ್‌ಗೆ ಸಾಕಲ್ಲವೇ?

ಉತ್ತರ: ಓಟ ಸಾಕಾದೀತು, ಒಂಟಿತನ ಹಿಡಿಸದು. ಬೀಗಲ್ ಗುಂಪಿನಲ್ಲಿ ಬೇಟೆಯಾಡಲು ಬೆಳೆಸಿದ ಜಾತಿ. ದಿನಕ್ಕೆ ಎಂಟು ಗಂಟೆ ಒಂದೇ ಇದ್ದರೆ ಊಳಿಡುತ್ತದೆ, ಆ ದನಿ ಮೂರೂ ಮಹಡಿಗೆ ಕೇಳುತ್ತದೆ. ಹಗಲಲ್ಲಿ ಮನೆಯಲ್ಲಿ ಯಾರಾದರೂ ಇರುವಂತಾದರೆ ಮಾತ್ರ ತನ್ನಿ. ಟ್ಯಾಗೋರ್ ಕಡಲತೀರದಲ್ಲಿ 10 ಮೀಟರ್ ಹಗ್ಗ ಕಟ್ಟಿಯೇ ಬಿಡಿ, ಬಲೆಯಿಂದ ಎಸೆದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ತನ್ನ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನಿನ (ಪಫರ್ ಮೀನು) ವಿಷಕ್ಕೆ ಮದ್ದಿಲ್ಲ. ಜೋತುಬಿದ್ದ ಕಿವಿಗೆ ಕರಾವಳಿಯ ತೇವ ಸೇರಿದರೆ ಬೂಷ್ಟು ಖಂಡಿತ. ವಾರಕ್ಕೊಮ್ಮೆ ಕಿವಿ ಮಗುಚಿ ಮೂಸಿ ನೋಡಿ. ಹುಳಿ ವಾಸನೆ, ಕಂದು ಕೊಳೆ ಇದ್ದರೆ ವೈದ್ಯರಿಗೆ ತೋರಿಸಿ, ಎಣ್ಣೆ ಬಿಡಬೇಡಿ. 10 ಕೆ.ಜಿ. ನಾಯಿಗೆ ದಿನಕ್ಕೆ 150ರಿಂದ 200 ಗ್ರಾಂ ಒಣ ಆಹಾರ ಸಾಕು. ಅದು ಯಾವಾಗಲೂ ಹಸಿದ ಮುಖವನ್ನೇ ಮಾಡುತ್ತದೆ.

ಪ್ರಶ್ನೆ: ಅಸಲಿ ಮುಧೋಳ ಮರಿ ಎಲ್ಲಿ ಸಿಗುತ್ತದೆ?

ಉತ್ತರ: ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಬೇರೆ ಕಡೆ ಕೊಂಡರೆ ತಾಯಿಯನ್ನು ತೋರಿಸದವರ ಬಳಿ ಕೊಳ್ಳಬೇಡಿ, ಎಂಟು ವಾರ ತುಂಬದ ಮರಿ ಮುಟ್ಟಬೇಡಿ. ಅದಕ್ಕಿಂತ ಎಳೆಯದನ್ನು ಮಾರುವುದು ನಿಯಮಕ್ಕೂ ವಿರುದ್ಧ.