ಹಲವು ಮನೆಗಳಿಗೆ ಒಂದೇ ಮುಖ

ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆ ಮತ್ತು ಕಟ್ಟಡ

ಪ್ರಶ್ನೆ: ಮಾನ್ಯರೇ, ನಮ್ಮಲ್ಲಿ ಟೆರೇಸ್ ಎಂದರೆ ಮೆಣಸಿನಕಾಯಿ ಒಣಹಾಕುವ, ಬೇಸಿಗೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗುವ ಮಾಳಿಗೆ. ಲಂಡನ್ನಿನಲ್ಲಿ ಓದುತ್ತಿರುವ ನನ್ನ ಮಗಳು ತಾನು ಟೆರೇಸ್ ಮನೆಯಲ್ಲಿ ಬಾಡಿಗೆಗಿದ್ದೇನೆ ಎಂದಾಗ ಮಾಳಿಗೆಯ ಮೇಲಿನ ಕೋಣೆ ಇರಬೇಕೆಂದು ತಿಳಿದುಕೊಂಡೆ. ಆಕೆ ಕಳಿಸಿದ ಚಿತ್ರದಲ್ಲಿ ನೋಡಿದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿತ್ತು. ಒಂದೇ ಪದಕ್ಕೆ ಎರಡು ಅರ್ಥ ಹೇಗೆ ಬಂತು?
(ಕೊಪ್ಪಳದ ಓದುಗರು)

ಉತ್ತರ: ಎರಡೂ ಅರ್ಥಗಳ ಬೇರು ಒಂದೇ. ಲ್ಯಾಟಿನ್ ಭಾಷೆಯಲ್ಲಿ ‘ಟೆರಾ’ ಎಂದರೆ ಮಣ್ಣು, ನೆಲ. ಅದರಿಂದ ಹುಟ್ಟಿದ ಟೆರೇಸ್ ಎಂಬ ಪದ ಮೊದಲಿಗೆ ಮಣ್ಣು ತುಂಬಿ ಎತ್ತರಿಸಿ ಮಟ್ಟಸ ಮಾಡಿದ ಜಗಲಿಯನ್ನು ಸೂಚಿಸುತ್ತಿತ್ತು. ಅಂಥ ಜಗಲಿಯ ಮೇಲೆ ಸಾಲಾಗಿ ಕಟ್ಟಿದ ಮನೆಗಳಿಗೂ ಇಂಗ್ಲೆಂಡಿನಲ್ಲಿ ಅದೇ ಹೆಸರು ಅಂಟಿಕೊಂಡಿತು. ವಾಸ್ತುಶಿಲ್ಪಿಗಳಾದ ಆಡಂ ಸಹೋದರರು 1768ರಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ಕಮಾನುಗಳ ಮೇಲೆ ಎತ್ತರದ ನೆಲ ನಿರ್ಮಿಸಿ ಕಟ್ಟಲಾರಂಭಿಸಿದ ಅಡೆಲ್ಫಿ ಮನೆಗಳಲ್ಲಿ ನದಿಗೆ ಮುಖಮಾಡಿದ ಸಾಲಿಗೆ ರಾಯಲ್ ಟೆರೇಸ್ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಜಗಲಿ ಇರಲಿ, ಇಲ್ಲದಿರಲಿ, ನಡುಗೋಡೆ ಹಂಚಿಕೊಂಡು ಒಂದೇ ಅಳತೆಯಲ್ಲಿ ನಿಂತ ಮನೆಸಾಲೆಲ್ಲವೂ ಟೆರೇಸ್ ಆಯಿತು.

ನಮ್ಮ ಕಡೆ ಮಟ್ಟಸವಾದ ನೆಲದ ಅರ್ಥ ಮನೆಯ ನೆತ್ತಿಗೆ ಏರಿತು. 1800ರಿಂದ 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿಯ ಹಳೆಯ ಮೇಸ್ತ್ರಿಗಳಿಗೆ ‘ಮದ್ರಾಸ್ ಟೆರೇಸ್’ ಎಂಬುದು ಪರಿಚಿತ ಮಾತು: ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಬಡಿದು ಕೂರಿಸುವ ಮಾಳಿಗೆ ಅದು. ತಮ್ಮ ಮಗಳೂ ತಾವೂ ಹೇಳಿದ್ದು ಎರಡೂ ಸರಿ.

ಪ್ರಶ್ನೆ: ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪಕ್ಕದ ಕಂಬರ್ಲೆಂಡ್ ಟೆರೇಸಿನ ಚಿತ್ರ ನೋಡಿ ಅದೊಂದು ಅರಮನೆ ಎಂದುಕೊಂಡಿದ್ದೆ. ಬೇರೆ ಬೇರೆ ಕುಟುಂಬಗಳ ಮನೆಗಳ ಸಾಲು ಅದೆಂದು ತರಗತಿಯಲ್ಲಿ ಹೇಳಿದರು. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರೇ ಒಂದು ಬಣ್ಣಕ್ಕೆ ಒಪ್ಪುವುದಿಲ್ಲ. ಅಷ್ಟು ಜನ ಒಂದೇ ಮುಖಕ್ಕೆ ಒಪ್ಪಿದ್ದು ಹೇಗೆ? ಆ ಮುಖದ ಹಿಂದೆ ಏನಿದೆ?
(ಬಳ್ಳಾರಿಯ ವಾಸ್ತುಶಿಲ್ಪ ವಿದ್ಯಾರ್ಥಿನಿ)

ಉತ್ತರ: ತಂಗೀ, ಅವರನ್ನು ಯಾರೂ ಕೇಳಿರಲೇ ಇಲ್ಲ. ಇಡೀ ವ್ಯವಸ್ಥೆಯ ಗುಟ್ಟು ನೆಲದ ಒಡೆತನದಲ್ಲಿದೆ. ಮೇರಿಲೆಬೋನ್ ಪಾರ್ಕ್ ಎಂಬ ಆ ಜಮೀನು ರಾಜಮನೆತನದ್ದು. ಹಳೆಯ ಗುತ್ತಿಗೆ ಮುಗಿದು 1811ರಲ್ಲಿ ಅದು ಮರಳಿ ಕೈಗೆ ಬಂದಾಗ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ನಡುವೆ ಉದ್ಯಾನ, ಅಂಚಿನಲ್ಲಿ ಮನೆಸಾಲುಗಳು ಇರುವ ಯೋಜನೆಯೊಂದನ್ನು ಮುಂದಿಟ್ಟನು. ನೆಲವನ್ನು ಮಾರಲಿಲ್ಲ, 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದ ಕಟ್ಟಡಗಾರನು ತನ್ನ ಹಣ ಹಾಕಿ ಕಟ್ಟಿ, ಮನೆಗಳನ್ನು ಬೇರೆಯವರಿಗೆ ವಹಿಸಿ ಲಾಭ ಮಾಡಿಕೊಳ್ಳಬಹುದಿತ್ತು. ಆದರೆ ಬೀದಿಗೆ ಕಾಣುವ ಮುಖ ಮಾತ್ರ ನ್ಯಾಶ್ ಒಪ್ಪಿದ ನಕ್ಷೆಯಂತೆಯೇ ಇರಬೇಕಿತ್ತು. ಒಳಗಿನ ಕೋಣೆಗಳ ವಿಚಾರ ಬಹುಮಟ್ಟಿಗೆ ಕಟ್ಟುವವನಿಗೆ ಬಿಟ್ಟದ್ದು. 1826ರಲ್ಲಿ ಸಿದ್ಧವಾದ ಕಂಬರ್ಲೆಂಡ್ ಟೆರೇಸಿಗೆ ವಿನ್ಯಾಸ ನ್ಯಾಶ್‌ನದು, ಸ್ಥಳದಲ್ಲಿ ನಿಂತು ನಡೆಸಿದವನು ಜೇಮ್ಸ್ ಥಾಮ್ಸನ್, ಕಟ್ಟಿದವನು ವಿಲಿಯಂ ಮೌಂಟ್‌ಫೋರ್ಡ್ ನರ್ಸ್. ಮನೆಗೆ ಬಂದು ವಾಸಿಸಿದವರಿಗೆ ಮುಖ ಬದಲಿಸುವ ಹಕ್ಕು ಇರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೇಳಿದ ಬಣ್ಣವನ್ನೇ ಬಳಿಯಬೇಕೆಂಬ ಷರತ್ತೂ ಇಂಥ ಗುತ್ತಿಗೆ ಪತ್ರಗಳಲ್ಲಿ ಇರುತ್ತಿತ್ತು. ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಕಲ್ಲುಮಂಟಪಗಳು ಒಂದು ಗೆರೆಯಲ್ಲಿ ನಿಂತದ್ದನ್ನು ನೀವು ನೋಡಿರುತ್ತೀರಿ. ಅಲ್ಲಿ ಗೆರೆ ಹಾಕಿದ್ದು ಗುಡಿ ಮತ್ತು ತೇರು, ಇಲ್ಲಿ ಗುತ್ತಿಗೆ ಪತ್ರ.

ಇನ್ನು ಮುಖದ ವಿಚಾರ. ಉದ್ಯಾನದೊಳಗೆ ಈ ಸಾಲಿಗೆ ಎದುರಾಗಿ ರಾಜನಿಗೊಂದು ವಿಹಾರಭವನ ಕಟ್ಟುವ ಆಲೋಚನೆಯಿತ್ತು. ಅದಕ್ಕೆ ಒಪ್ಪುವಂತೆ ಈ ಟೆರೇಸಿಗೆ ಉಳಿದವುಗಳಿಗಿಂತ ಹೆಚ್ಚಿನ ವೈಭವ ಕೊಟ್ಟರು. ಆ ಭವನ ಕಟ್ಟಲ್ಪಡಲೇ ಇಲ್ಲ, ವೈಭವ ಮಾತ್ರ ಉಳಿಯಿತು. ಮೂರು ದೊಡ್ಡ ಭಾಗಗಳನ್ನು ಕಮಾನುಗಳು ಬೆಸೆದಿವೆ. ನಡುವಿನ ಭಾಗ ತುಸು ಮುಂದೆ ಬಂದು, ಸುರುಳಿ ತಲೆಯ ಅಯೋನಿಕ್ ಕಂಬಗಳ ಸಾಲನ್ನು ಹೊತ್ತು, ಮೇಲೆ ಪೆಡಿಮೆಂಟ್ ಎಂದು ಕರೆಯುವ ಮುಕ್ಕೋನದ ಶಿಖರದಲ್ಲಿ ಜೆ. ಜಿ. ಬಬ್ ಎಂಬ ಶಿಲ್ಪಿಯ ಮೂರ್ತಿಗಳನ್ನು ತೋರಿಸುತ್ತದೆ. ನಡುವೆ ಒಂದು ಕಿರೀಟ, ತುದಿಗಳಲ್ಲಿ ಎರಡು ಭುಜ, ಅವುಗಳ ಮಧ್ಯೆ ಸಾದಾ ಗೋಡೆ: ಈ ಜೋಡಣೆಯಿಂದಲೇ ನಮ್ಮ ಕಣ್ಣು ಒಂದೊಂದು ಮನೆಯ ಬಾಗಿಲುಗಳನ್ನು ಎಣಿಸುವುದು ಬಿಟ್ಟು ಒಂದು ಅರಮನೆಯನ್ನು ಕಾಣುತ್ತದೆ. ಒಂದು ಮನೆಯ ಮುಂದಿನ ಎರಡು ಕಂಬಗಳನ್ನಷ್ಟೇ ನೋಡಿದರೆ ಅವಕ್ಕೆ ಅರ್ಥವೇ ಇರುವುದಿಲ್ಲ.

ಅದು ಕಲ್ಲಿನ ಕಟ್ಟಡವೂ ಅಲ್ಲ. ಒಳಗಿರುವುದು ಇಟ್ಟಿಗೆ, ಹೊರಗೆ ಸ್ಟಕೋ ಎಂಬ ಗಾರೆ. ಬಾತ್ ಊರಿನ ಕೆನೆಬಣ್ಣದ ಕಲ್ಲು ದುಬಾರಿಯಾದ್ದರಿಂದ ಗಾರೆಯ ಮೇಲೆ ಗೆರೆ ಕೊರೆದು, ಬಣ್ಣ ಬಳಿದು, ಕಲ್ಲಿನ ಕಟ್ಟಡವೆಂಬಂತೆ ತೋರಿಸುತ್ತಿದ್ದರು. ಪಾರ್ಕರ್ ಎಂಬಾತ 1796ರಲ್ಲಿ ಪೇಟೆಂಟ್ ಪಡೆದ, ಬೇಗನೆ ಗಟ್ಟಿಯಾಗುವ ‘ರೋಮನ್ ಸಿಮೆಂಟ್’ ಈ ಕೆಲಸಕ್ಕೆ ದೊಡ್ಡ ಬಲ ಕೊಟ್ಟಿತು. ಗ್ರಾನೈಟ್ ಗುಡ್ಡಗಳ ನಡುವೆ ಬೆಳೆದ ನಮಗೆ ಕಲ್ಲನ್ನು ನಟಿಸುವ ಗೋಡೆ ವಿಚಿತ್ರವೆನಿಸಬಹುದು. ಅದರ ಹಿಂಬದಿಗೆ ಹೋದರೆ ಸಾದಾ ಇಟ್ಟಿಗೆಯ, ಅಲಂಕಾರವಿಲ್ಲದ ಗೋಡೆ ಕಾಣುತ್ತದೆ. ನಾಟಕದ ಪರದೆಯಂತೆ ಇದೆ ಎಂದು ನ್ಯಾಶ್‌ನನ್ನು ಟೀಕಿಸಿದವರು ಬಹಳ. ನಾನು ಆ ಪಕ್ಷದವನಲ್ಲ. ಬೀದಿ ಎಲ್ಲರದು, ಹಿತ್ತಲು ಮನೆಯವರದು; ಎಲ್ಲರ ಕಣ್ಣಿಗೆ ಬೀಳುವ ಕಡೆ ಹಣ ಮತ್ತು ಜಾಣ್ಮೆಯನ್ನು ಸುರಿದದ್ದು ಊರಿಗೆ ಮಾಡಿದ ಉಪಕಾರವೆಂದೇ ನನಗೆ ತೋರುತ್ತದೆ.

ಮುಖದ ಹಿಂದಿನ ಮನೆ ಕಿರಿದಾಗಿ, ಆಳವಾಗಿ, ಎತ್ತರವಾಗಿ ಇರುತ್ತದೆ. ಬೀದಿಬದಿಯ ಪ್ರತಿ ಅಡಿಗೂ ಬೆಲೆ ಹೆಚ್ಚಾದ್ದರಿಂದ ಲಂಡನ್ನಿನ ಸಾಮಾನ್ಯ ಟೆರೇಸ್ ಮನೆಯ ಅಗಲ ಸುಮಾರು 20 ಅಡಿ. ಅಂತಸ್ತಿಗೆ ಮುಂದೊಂದು ಹಿಂದೊಂದು ಕೋಣೆ, ಪಕ್ಕದಲ್ಲಿ ಮೆಟ್ಟಿಲು. ಅಡುಗೆಮನೆ ನೆಲಮಾಳಿಗೆಯಲ್ಲಿ. ಕಾಲುದಾರಿಯ ಅಡಿಯಲ್ಲಿ ಕಲ್ಲಿದ್ದಲಿನ ಕೋಣೆ, ಅದಕ್ಕೆ ಮೇಲಿನಿಂದಲೇ ಕಲ್ಲಿದ್ದಲು ಸುರಿಯಲು ದುಂಡನೆಯ ಕಬ್ಬಿಣದ ಮುಚ್ಚಳ. ಅತಿಥಿಗಳನ್ನು ಕೂರಿಸುವ ದಿವಾನಖಾನೆ ನೆಲದಿಂದ ಒಂದು ಅಂತಸ್ತು ಮೇಲೆ, ಅಲ್ಲಿಯ ಕಿಟಕಿಗಳೇ ಎಲ್ಲಕ್ಕಿಂತ ಎತ್ತರ. ಮೇಲಕ್ಕೆ ಹೋದಂತೆ ಕಿಟಕಿ ಗಿಡ್ಡವಾಗುತ್ತ, ಆಳುಗಳು ಮಲಗುವ ಕೊನೆಯ ಅಂತಸ್ತಿನಲ್ಲಿ ತೀರ ಚಿಕ್ಕದಾಗುತ್ತದೆ. ಬೀದಿಯಲ್ಲಿ ನಿಂತು ಕಿಟಕಿಗಳನ್ನು ನೋಡಿಯೇ ಮನೆಯೊಳಗೆ ಯಾರು ಎಲ್ಲಿದ್ದರೆಂದು ಹೇಳಬಹುದು. ಕಿಟಕಿಯ ಚೌಕಟ್ಟು ರಾಟೆ, ಹಗ್ಗ ಮತ್ತು ಗೋಡೆಯಲ್ಲಿ ಅಡಗಿಸಿದ ತೂಕದ ಗುಂಡುಗಳ ನೆರವಿನಿಂದ ಮೇಲೆ ಕೆಳಗೆ ಜಾರುತ್ತದೆ. 1696ರಿಂದ 1851ರವರೆಗೆ ಕಿಟಕಿಗೂ ತೆರಿಗೆಯಿತ್ತು; ಆದರೂ ಇಟ್ಟಿಗೆ ತುಂಬಿದ ಕಿಟಕಿಯೆಲ್ಲವೂ ತೆರಿಗೆಗೆ ಹೆದರಿ ಮುಚ್ಚಿದ್ದಲ್ಲ, ಎಷ್ಟೋ ಕಿಟಕಿಗಳನ್ನು ಮುಖದ ಸಮತೋಲಕ್ಕಾಗಿ ಮೊದಲಿಗೇ ಕುರುಡಾಗಿ ಕಟ್ಟಿದ್ದರು.

ನಿಮ್ಮ ಪಠ್ಯದಲ್ಲಿ ಬರುವ 1774ರ ಲಂಡನ್ ಕಟ್ಟಡ ಕಾಯಿದೆಯನ್ನು ದಯವಿಟ್ಟು ಅಸಡ್ಡೆ ಮಾಡಬೇಡಿ. 1666ರ ಮಹಾಬೆಂಕಿಯ ನೆನಪು ಆ ಊರನ್ನು ಬಿಟ್ಟಿರಲಿಲ್ಲ. ಆ ಕಾಯಿದೆ ಮನೆಗಳನ್ನು ಬೆಲೆ ಮತ್ತು ವಿಸ್ತೀರ್ಣದ ಮೇಲೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಪ್ರತಿ ದರ್ಜೆಗೂ ಗೋಡೆಯ ದಪ್ಪವನ್ನು ನಿಗದಿ ಮಾಡಿತು. ಮರದ ಕಿಟಕಿ ಚೌಕಟ್ಟನ್ನು ಇಟ್ಟಿಗೆಯ ಹಿಂದೆ ಸರಿಸಿತು. ನಡುಗೋಡೆಯನ್ನು ಛಾವಣಿಗಿಂತ ಮೇಲಕ್ಕೆ ಎತ್ತಿದ್ದು ಒಂದು ಮನೆಯ ಬೆಂಕಿ ಮತ್ತೊಂದಕ್ಕೆ ಹಾರದಿರಲೆಂದು. ಚಂದವೆಂದು ನಾವು ಮೆಚ್ಚುವ ಆ ಸಾಲಿನ ಲಯದಲ್ಲಿ ಬೆಂಕಿಯ ಭಯಕ್ಕೂ ಪಾಲಿದೆ.

ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಈ ಉದ್ಯಾನದ ಟೆರೇಸುಗಳು ಜಖಂಗೊಂಡು, ಕೆಡವುವ ಮಾತೂ ಎದ್ದಿತ್ತು. 1947ರಲ್ಲಿ ಇವುಗಳ ಭವಿಷ್ಯವನ್ನು ಪರಿಶೀಲಿಸಿದ ಗೊರೆಲ್ ಸಮಿತಿ ಅವನ್ನು ಉಳಿಸಬೇಕೆಂದು ಶಿಫಾರಸು ಮಾಡಿತು. ಆಮೇಲೆ ಹಲವು ಕಡೆ ಮುಖವನ್ನು ಕಾಪಾಡಿ ಒಳಗಡೆ ಹೊಸದಾಗಿ ಕಟ್ಟಿದರು.

ಪ್ರಶ್ನೆ: ನಾನು ರೈಲ್ವೆಯಿಂದ ನಿವೃತ್ತನಾದವನು, ಆಯುಷ್ಯದ ಬಹುಪಾಲು ಕ್ವಾರ್ಟರ್ಸ್ ಸಾಲಿನಲ್ಲಿ ಕಳೆದವನು. ಇಂಗ್ಲೆಂಡಿನ ದುಡಿಯುವ ಜನರಿಗೂ ಟೆರೇಸ್ ಇತ್ತೇ?
(ರಾಯಚೂರಿನ ಓದುಗರು)

ಉತ್ತರ: ಇತ್ತು, ಮತ್ತು ಸಂಖ್ಯೆಯಲ್ಲಿ ಅವೇ ಹೆಚ್ಚು. ಮೊದಮೊದಲು ಅವುಗಳ ಸ್ಥಿತಿ ಕೆಟ್ಟದಾಗಿತ್ತು. ಲೀಡ್ಸ್‌ನಂಥ ಊರುಗಳಲ್ಲಿ ಎರಡು ಸಾಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟುತ್ತಿದ್ದರು. ಮೂರು ಕಡೆ ಪರರ ಗೋಡೆ, ಗಾಳಿ ಬೆಳಕು ಬರುವುದು ಮುಂದಿನಿಂದ ಮಾತ್ರ. ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ 1851ರಿಂದ ಏರ್ ನದಿಯ ದಂಡೆಯಲ್ಲಿ ಕಟ್ಟಿಸಿದ ಸಾಲ್ಟೇರ್ ಊರು ಬೇರೆ ದಾರಿ ಹಿಡಿಯಿತು. ಅಲ್ಲಿ ಕಾರ್ಮಿಕರಿಗಾಗಿ 800ಕ್ಕೂ ಹೆಚ್ಚು ಕಲ್ಲಿನ ಮನೆಗಳಿದ್ದು, 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಮೇಲ್ವಿಚಾರಕನ ಮನೆ ಕಾರ್ಮಿಕನ ಮನೆಗಿಂತ ದೊಡ್ಡದು. ಸಾಲು ನೋಡಿ ಹುದ್ದೆ ಗುರುತಿಸುವ ಈ ಪದ್ಧತಿ ತಮಗೆ ಹೊಸದಲ್ಲ. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ ಊರೂರಿನ ನಿಯಮಗಳು ಬೀದಿಯ ಅಗಲ, ಹಿಂದಿನ ಅಂಗಳ, ಚರಂಡಿಗಳನ್ನು ಗೊತ್ತುಪಡಿಸಿದವು. ಬೆನ್ನಿಗೆ ಬೆನ್ನಿನ ಮನೆಗಳನ್ನು ಕಟ್ಟುವುದು 1909ರಲ್ಲಿ ನಿಷೇಧವಾಯಿತು.

ಪ್ರಶ್ನೆ: ನಮ್ಮದು ಹಳೆಯ ಓಣಿ, ನಡುಗೋಡೆ ಹಂಚಿಕೊಂಡ ಮನೆ. ಪಕ್ಕದವರು ತಮ್ಮದನ್ನು ಕೆಡವುತ್ತಿದ್ದಾರೆ. ನಮ್ಮ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದರೆ ಸಾಕೇ?
(ಬಳ್ಳಾರಿಯ ಓದುಗರು)

ಉತ್ತರ: ಸಾಲದು, ಮತ್ತು ಅವಸರ ಬೇಡ. ಸಾಲಿನ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ, ಟೆರೇಸಿನಲ್ಲೂ ಹಾಗೆಯೇ. ನಡುಗೋಡೆಯಲ್ಲಿ ಎರಡೂ ಮನೆಯ ತೊಲೆಗಳು ಎಷ್ಟು ಆಳ ಹೊಕ್ಕಿವೆ ಎಂಬುದನ್ನು ಮೊದಲು ಎಂಜಿನಿಯರ್ ಒಬ್ಬರಿಂದ ನೋಡಿಸಿ, ಕೆಡವುವ ಮುಂಚೆಯೇ ಗೋಡೆಗೆ ತಾತ್ಕಾಲಿಕ ಆಸರೆ ಕೊಡಿಸಿ. ಈವರೆಗೆ ಒಳಗಿದ್ದ ಗೋಡೆ ಈಗ ಮಳೆಗೆ ಒಡ್ಡಿಕೊಳ್ಳುತ್ತದೆ. ಸುಣ್ಣ ಅಥವಾ ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ತೊಲೆಯ ತುದಿಗಳನ್ನು ಕೊಳೆಸುತ್ತದೆ, ಆದ್ದರಿಂದ ಸುಣ್ಣದ ಗಾರೆಯನ್ನೇ ಹಾಕಿಸಿ. ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಸುಣ್ಣ ಅರೆಯುವುದನ್ನು ಬಲ್ಲ ಹಿರಿಯ ಮೇಸ್ತ್ರಿ ಸಿಕ್ಕರೆ ಕೆಲಸವನ್ನು ಅವರಿಗೇ ಒಪ್ಪಿಸಿ, ಮತ್ತು ಆ ಗಾರೆ ಆರುವವರೆಗೆ ಬಿಸಿಲಿಗೆ ಒದ್ದೆ ಗೋಣಿಚೀಲ ಕಟ್ಟಿಸಿರಿ.