ಸಹಿ ಹಾಕದಿದ್ರೆ ಮೆಷಿನ್ ಕೊಡಲ್ವಾ ಮೇಡಂ?

(ಗುರುತು ಸಿಗಬಾರದು ಅಂತ ಊರು, ವಯಸ್ಸು ಎಲ್ಲ ಬದಲಿಸಿದ್ದೇನೆ. ಕೋಲಾರ ಜಿಲ್ಲೆ ಅನ್ನುವುದು ಮಾತ್ರ ನಿಜ.)

ಮಾವಿನ ತೋಟ ಇಟ್ಟುಕೊಂಡವರು, ಐವತ್ತು ದಾಟಿದೆ. ಕಿಡ್ನಿ ಕೈಕೊಟ್ಟಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಅಂದರೆ ಮೆಷಿನ್ ಹಾಕಿ ರಕ್ತ ಶುದ್ಧಿ ಮಾಡಿಸಬೇಕು. ನಿದ್ದೆ ಬರಲ್ಲ ಅಂತ ಸೊಸೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಅರ್ಧ ಗಂಟೆ ಬರೀ ನಿದ್ದೆಯ ಮಾತೇ ಆಯಿತು. ಆಮೇಲೆ ಜೇಬಿನಿಂದ ಮಡಚಿದ ಕಾಗದ ತೆಗೆದರು. ಡಯಾಲಿಸಿಸ್ ರೋಗಿಗಳಲ್ಲಿ ಮೆಟ್ರೊನಿಡಜೋಲ್ ಅನ್ನುವ ಔಷಧಿಯ ಬಗ್ಗೆ ಸಂಶೋಧನೆಯಂತೆ, ಸೇರಲು ಒಪ್ಪಿಗೆ ಪತ್ರ.

"ನಮ್ಮನ್ನ ಪ್ರಯೋಗದ ಇಲಿ ಮಾಡ್ತಾರೇನೋ" ಅಂದರು. ನಿಜವಾದ ಭಯ ಅದಲ್ಲ ಅನ್ನಿಸಿತು, ಸುಮ್ನೆ ಕಾದೆ. ಕೊನೆಗೆ ಬಂತು: "ಬೇಡ ಅಂದ್ರೆ ನನ್ನ ಪಾಳಿ ಬೇರೆಯವರಿಗೆ ಕೊಟ್ಬಿಟ್ರೆ?"

ಮೊದಲು ಔಷಧಿಯ ವಿಷಯ ಹೇಳಿದೆ. ಇದು ಹೊಸದಲ್ಲ, ಅಮೀಬಾ ಭೇದಿಗೆಲ್ಲ ಕೊಡುವ ಮಾತ್ರೆ, 1960ರಿಂದ ಬಳಕೆಯಲ್ಲಿದೆ. ಲಿವರ್ ಇದನ್ನು ಒಡೆಯುತ್ತದೆ, ಒಡೆದ ಚೂರುಗಳು ಹೆಚ್ಚಾಗಿ ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಕೈಕೊಟ್ಟವರಲ್ಲಿ ಅವು ರಕ್ತದಲ್ಲೇ ಉಳಿಯುತ್ತವೆ. ಇನ್ನೊಂದು ಕಡೆ ಡಯಾಲಿಸಿಸ್ ಮೆಷಿನ್ ಔಷಧಿಯನ್ನೂ ಸಾಕಷ್ಟು ಎಳೆದುಹಾಕುತ್ತದೆ. ಎಷ್ಟು ಕೊಡಬೇಕು, ಮೆಷಿನ್‌ಗೆ ಮುಂಚೆಯೋ ಆಮೇಲೋ ಅಂತ ತಿಳಿಯಲು ನಿಮ್ಮಂಥವರ ರಕ್ತವನ್ನೇ ನೋಡಬೇಕಲ್ವಾ?

ಪಾಳಿಯ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸೇರದೆ ಇರಬಹುದು, ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ಸಹಿ ಕೇಳಿದರೆ ಹಾಕಬೇಡಿ. ಆ ಹೊತ್ತಲ್ಲಿ ಯಾರಿಗೆ ತಾನೇ ಇಲ್ಲ ಅನ್ನುವ ಧೈರ್ಯ ಬರುತ್ತೆ? ಕನ್ನಡದ ಮಾಹಿತಿ ಪತ್ರ ಕೇಳಿ ಮನೆಗೆ ತನ್ನಿ, ಸೊಸೆ ಓದಿ ಹೇಳಲಿ. ಎಷ್ಟು ಸಲ ರಕ್ತ ತೆಗೀತಾರೆ, ತೊಂದರೆಯಾದರೆ ಖರ್ಚು ಯಾರದು, ಸಂಶೋಧನೆಯ ನ್ಯಾಯ-ಅನ್ಯಾಯ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ ಅಂತಲೂ ಕೇಳಿ.

ಏಳುವ ಹೊತ್ತಿಗೆ ಪಾದ ಉಜ್ಜಿಕೊಂಡರು. ರಾತ್ರಿ ಜುಮ್ ಅನ್ನುತ್ತಂತೆ, ಯಾರಿಗೂ ಹೇಳಿಲ್ಲವಂತೆ! ಈ ಮಾತ್ರೆ ಜಾಸ್ತಿ ದಿನ ತಗೊಂಡರೆ ನರಕ್ಕೆ ಪೆಟ್ಟು ಕೊಡಬಹುದು, ಕಿಡ್ನಿ ರೋಗದಲ್ಲಿ ನರ ಮೊದಲೇ ಸೋತಿರಬಹುದು. ಸಹಿಗೂ ಮುಂಚೆ ಇದನ್ನು ಡಾಕ್ಟರಿಗೆ ಹೇಳಲೇಬೇಕು ಅಂದೆ. ಸೇರಿ, ಬಿಡಿ ಅಂತ ನಾನು ಹೇಳಲಿಲ್ಲ.

ವಾರದ ಮೇಲೆ ಸೊಸೆ ಫೋನ್ ಮಾಡಿದರು. ಮಾವ ಓದಿಸಿಕೊಂಡು, ಯೋಚಿಸಿ, ಸೇರೋಣ ಅಂತಲೇ ಹೋಗಿದ್ದರಂತೆ. ಕಾಲು ನೋಡಿದ ಡಾಕ್ಟರೇ ನೀವು ಬೇಡ ಅಂದರಂತೆ. ಸ್ವಲ್ಪ ಬೇಜಾರಾಗಿದ್ದಾರೆ ಮೇಡಂ, ಅಂದರು. ನಿದ್ದೆ? ಬರ್ತಿದೆಯಂತೆ. ಬೆಡ್ಡೂ ಅದೇ, ಪಾಳಿಯೂ ಅದೇ.