ದೂರವೇ ಗೊತ್ತಿಲ್ಲದ ಗ್ಯಾಲಕ್ಸಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಸುರುಳಿ ಗ್ಯಾಲಕ್ಸಿ ತಿರುಗುವ ವೇಗ ಮತ್ತು ಅದರ ಹೊಳಪು, ಇವೆರಡರಿಂದ ಅದರ ದೂರ ಹೇಳುತ್ತಾರೆ ಎಂದು ಓದಿದ್ದೀರಿ. ಆದರೆ ವೇಗ ಲೆಕ್ಕ ಹಾಕಲು ಮೊದಲು ದೂರ ಗೊತ್ತಿರಬೇಕಲ್ವಾ, ಇದು ಕೋಳಿ ಮೊದಲೋ ಮೊಟ್ಟೆ ಮೊದಲೋ ಎನ್ನುವ ಕಥೆಯಾಯಿತಲ್ಲ ಅನ್ನುವುದು ಒಂದು. ದೂರ ಓಡುವ ಗ್ಯಾಲಕ್ಸಿಯ ಬೆಳಕು ಕೆಂಪಿನತ್ತ ಜಾರುತ್ತದೆ, ದೂರ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು. ಈ ರೆಡ್‌ಶಿಫ್ಟ್ ನೋಡಿಯೇ ದೂರ ಹೇಳಬಹುದಾಗಿರುವಾಗ ಇಷ್ಟೆಲ್ಲ ತಾಪತ್ರಯ ಯಾಕೆ ಅನ್ನುವುದು ಇನ್ನೊಂದು. ಎಂ.ಎಸ್ಸಿ. ಓದುವಾಗ ನಾನು ಪ್ರಾಜೆಕ್ಟಿಗೆ ಇದೇ ವಿಷಯ ತೆಗೆದುಕೊಂಡಿದ್ದೆ. ಮೊದಲ ವಾರ ನನಗೂ ನಿಮ್ಮದೇ ಅನುಮಾನ ಇತ್ತು.

ವೇಗ ಅಳೆಯಲು ದೂರ ಬೇಕಾಗಿಲ್ಲ. ಇಡೀ ವಿಧಾನ ನಿಂತಿರುವುದೇ ಈ ಒಂದು ಸಂಗತಿಯ ಮೇಲೆ.

ಗ್ಯಾಲಕ್ಸಿ ತಿರುಗುವುದನ್ನು ಯಾರೂ ಕೂತು ನೋಡುವುದಿಲ್ಲ. ನಮ್ಮ ಸೂರ್ಯ ಕ್ಷೀರಪಥವನ್ನು ಒಂದು ಸುತ್ತು ಹಾಕಲು ಸುಮಾರು 23 ಕೋಟಿ ವರ್ಷ ಬೇಕು. ಅಷ್ಟು ದಿನ ಕಾಯುವವರು ಯಾರು? ಒಂದು ಚುಕ್ಕೆ ಆಕಾಶದಲ್ಲಿ ಇಷ್ಟು ಜರುಗಿತು ಎಂದು ನೋಡಿ ವೇಗ ಹೇಳುವುದಾಗಿದ್ದರೆ ದೂರ ಬೇಕಾಗುತ್ತಿತ್ತು, ನಿಮ್ಮ ಆಕ್ಷೇಪ ಸರಿಯಾಗುತ್ತಿತ್ತು. ಇಲ್ಲಿ ಬಳಸುವುದು ಡಾಪ್ಲರ್ ಪರಿಣಾಮ. ರೈಲ್ವೆ ಗೇಟಿನಲ್ಲಿ ನಿಂತವರಿಗೆ ಗೊತ್ತು, ರೈಲು ಬರುವಾಗ ಹಾರ್ನ್ ಸ್ವರ ಏರಿರುತ್ತದೆ, ದಾಟಿ ಹೋದ ಮೇಲೆ ಇಳಿಯುತ್ತದೆ. ಸ್ವರ ಎಷ್ಟು ಜಾರಿತು ಎನ್ನುವುದು ರೈಲಿನ ವೇಗ ಹೇಳುತ್ತದೆ. ರೈಲು ಎಷ್ಟು ದೂರದಲ್ಲಿದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಗ್ಯಾಲಕ್ಸಿಯ ಹಾರ್ನ್ ಅಂದರೆ ಅದರೊಳಗಿನ ಹೈಡ್ರೋಜನ್ ಅನಿಲ. ಅದು 21 ಸೆಂ.ಮೀ. ಉದ್ದದ ರೇಡಿಯೋ ಅಲೆ ಹೊರಡಿಸುತ್ತದೆ. ರೇಡಿಯೋ ಭಾಷೆಯಲ್ಲಿ ಹೇಳುವುದಾದರೆ 1420.4 ಮೆಗಾಹರ್ಟ್ಸ್. ಗ್ಯಾಲಕ್ಸಿ ತಿರುಗುವಾಗ ಅದರ ಒಂದು ಪಕ್ಕ ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಪಕ್ಕ ದೂರ ಹೋಗುತ್ತಿರುತ್ತದೆ. ವೇಗ ಸೆಕೆಂಡಿಗೆ 200 ಕಿ.ಮೀ. ಇದ್ದರೆ ಒಂದು ಪಕ್ಕದ ಅಲೆ ಸುಮಾರು 0.95 ಮೆಗಾಹರ್ಟ್ಸ್ ಮೇಲೆ ಜಾರುತ್ತದೆ, ಇನ್ನೊಂದು ಪಕ್ಕದ್ದು ಅಷ್ಟೇ ಕೆಳಗೆ. ಹಾಗಾಗಿ ಚೂಪಾಗಿರಬೇಕಿದ್ದ ಗೆರೆ ಅಗಲವಾಗಿ ಹರಡಿಕೊಳ್ಳುತ್ತದೆ. ಗ್ರಾಫಿನಲ್ಲಿ ನೋಡಿದರೆ ಎರಡು ತುದಿಯಲ್ಲಿ ಎರಡು ಕೊಂಬು ಎದ್ದಿರುತ್ತವೆ, ಥೇಟ್ ಹೋರಿಯ ತಲೆ. ಎರಡು ಕೊಂಬಿನ ನಡುವಿನ ಅಗಲವೇ ತಿರುಗುವ ವೇಗದ ಅಳತೆ. ಗ್ಯಾಲಕ್ಸಿ ಮಸುಕು ಚುಕ್ಕೆಯಾಗಿ ಕಂಡರೂ ಪರವಾಗಿಲ್ಲ. ರೇಡಿಯೋ ದೂರದರ್ಶಕವನ್ನು ಅತ್ತ ತಿರುಗಿಸಿದರೆ ಸಾಕು. ಇಡೀ ಗ್ಯಾಲಕ್ಸಿ ನಮ್ಮಿಂದ ದೂರ ಓಡುತ್ತಿದ್ದರೆ ಹೋರಿಯ ತಲೆ ಹಾಗೇ ಪಕ್ಕಕ್ಕೆ ಸರಿಯುತ್ತದೆ, ಕೊಂಬಿನ ಅಗಲ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ.

ಈಗ ಹೊಳಪಿಗೆ ಬರೋಣ. ರಾತ್ರಿ ಊರಿನ ಮನೆ ಜಗಲಿಯ ಮೇಲೆ ಕೂತಿದ್ದೀರಿ ಎಂದುಕೊಳ್ಳಿ. ದೂರದ ರಸ್ತೆಯಲ್ಲಿ ಒಂಟಿ ದೀಪ ಕಾಣುತ್ತದೆ. ಹತ್ತಿರದ ಮೊಪೆಡ್ಡೋ, ದೂರದ ಬುಲೆಟ್ಟೋ? ಬರೀ ದೀಪ ನೋಡಿ ಹೇಳುವುದು ಕಷ್ಟ. ಆದರೆ ಡುಗ್ ಡುಗ್ ಕೇಳಿಸಿತೋ, ಬುಲೆಟ್ಟೇ. ದೂರ ಜಾಸ್ತಿಯಾದರೆ ಶಬ್ದ ಸಣ್ಣದಾಗುತ್ತದೆ, ಡುಗ್ ಡುಗ್ ಮೊಪೆಡ್ಡಿನ ಸದ್ದಾಗುವುದಿಲ್ಲ. ಬುಲೆಟ್ಟಿನ ದೀಪ ಹತ್ತಿರದಲ್ಲಿ ಎಷ್ಟು ಪ್ರಖರ ಎಂದು ಗೊತ್ತಿದ್ದರೆ, ಈಗ ಎಷ್ಟು ಮಂಕಾಗಿದೆ ಎಂದು ನೋಡಿ ದೂರ ಹೇಳಬಹುದು. ಗ್ಯಾಲಕ್ಸಿಯಲ್ಲಿ ಆ ಡುಗ್ ಡುಗ್ ಅಂದರೆ ಕೊಂಬಿನ ಅಗಲ.

ಜೋರಾಗಿ ತಿರುಗುವ ಸುರುಳಿ ಗ್ಯಾಲಕ್ಸಿ ನಿಜದಲ್ಲೂ ಹೆಚ್ಚು ಬೆಳಕು ಸೂಸುತ್ತದೆ. ಇದನ್ನು ದೂರ ಅಳೆಯುವ ವಿಧಾನವಾಗಿ 1977ರಲ್ಲಿ ಮುಂದಿಟ್ಟವರು ಬ್ರೆಂಟ್ ಟುಲಿ ಮತ್ತು ರಿಚರ್ಡ್ ಫಿಶರ್. ಅದಕ್ಕೇ ಟುಲಿ-ಫಿಶರ್ ಸಂಬಂಧ ಎಂಬ ಹೆಸರು. ಬೆಳಕು ವೇಗದ ಮೂರರಿಂದ ನಾಲ್ಕನೇ ಘಾತದಷ್ಟು ಏರುತ್ತದೆ, ಯಾವ ಬಣ್ಣದ ಬೆಳಕಿನಲ್ಲಿ ಅಳೆಯುತ್ತೇವೆ ಎನ್ನುವುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ನಾಲ್ಕು ಎಂದೇ ಇಟ್ಟುಕೊಂಡರೆ ಎರಡು ಪಟ್ಟು ವೇಗದ ಗ್ಯಾಲಕ್ಸಿ 16 ಪಟ್ಟು ಪ್ರಕಾಶಮಾನ. ಕೊಂಬಿನ ಅಗಲ ಒಂದೇ ಇರುವ ಎರಡು ಗ್ಯಾಲಕ್ಸಿಗಳಲ್ಲಿ ಒಂದು ಇನ್ನೊಂದಕ್ಕಿಂತ 100 ಪಟ್ಟು ಮಂಕಾಗಿ ಕಂಡರೆ, ಅದು 10 ಪಟ್ಟು ದೂರ. ಲೆಕ್ಕ ಇಷ್ಟೇ.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಎಸ್ಟೋನಿಯಾದ ಖಗೋಳ ವಿಜ್ಞಾನಿ ಅರ್ನ್‌ಸ್ಟ್ ಎಪಿಕ್ 1922ರಲ್ಲೇ ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ ತಿರುಗುವ ವೇಗ ಹಿಡಿದು ಅದರ ದೂರ ಲೆಕ್ಕ ಹಾಕಿದ್ದರು. ಬಂದ ಉತ್ತರ ಸುಮಾರು 15 ಲಕ್ಷ ಜ್ಯೋತಿರ್ವರ್ಷ. ನಂತರ ಅಮೆರಿಕದ ಎಡ್ವಿನ್ ಹಬಲ್ ಸೆಫೀಡ್ ನಕ್ಷತ್ರಗಳಿಂದ (ಇವುಗಳ ಹೊಳಪು ಕ್ರಮವಾಗಿ ಏರಿಳಿಯುತ್ತದೆ, ಆ ಏರಿಳಿತದ ಅವಧಿಯಿಂದ ನಿಜವಾದ ಹೊಳಪು ಗೊತ್ತಾಗುತ್ತದೆ) ಹೇಳಿದ್ದು 9 ಲಕ್ಷದ ಆಸುಪಾಸು. ಇವತ್ತಿನ ಲೆಕ್ಕ 25 ಲಕ್ಷ. ಹತ್ತಿರ ಇದ್ದವರು ಎಪಿಕ್, ಹೆಸರು ಮಾಡಿದವರು ಹಬಲ್.

ಹೇಳುವಾಗ ಸಲೀಸು, ಮಾಡುವಾಗ ಕಾಡುವುದು ವಾಲಿಕೆ. ಗ್ಯಾಲಕ್ಸಿ ಒಂದು ತಟ್ಟೆ. ಆ ತಟ್ಟೆ ಮುಖ ಪೂರ್ತಿ ನಮಗೆ ತೋರಿಸಿಕೊಂಡು ತಿರುಗುತ್ತಿದ್ದರೆ ಯಾವ ಭಾಗವೂ ನಮ್ಮ ಕಡೆ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಡಾಪ್ಲರ್‌ಗೆ ಅಲ್ಲಿ ಕೆಲಸವಿಲ್ಲ. ಅಂಚು ನಮ್ಮ ಕಡೆಗಿದ್ದರೆ ಮಾತ್ರ ಪೂರ್ತಿ ವೇಗ ಸಿಗುತ್ತದೆ. ನಡುವೆ ಎಲ್ಲೋ ಇದ್ದರೆ, ಕಂಡ ವೇಗವನ್ನು ವಾಲಿಕೆಯ ಕೋನದ (ಮುಖ ತೋರಿಸಿದರೆ 0 ಡಿಗ್ರಿ, ಅಂಚು ತೋರಿಸಿದರೆ 90) ಸೈನ್‌ನಿಂದ ಭಾಗಿಸಬೇಕು. ಕೋನ ಗೊತ್ತಾಗುವುದು ಹೇಗೆ? ದುಂಡನೆಯ ತಟ್ಟೆ ಓರೆಯಾಗಿ ನೋಡಿದಾಗ ಎಷ್ಟು ಚಪ್ಪಟೆಯಾಗಿ ಕಾಣುತ್ತದೆ ಎನ್ನುವುದರಿಂದ.

ನಾನು ಎಡವಿದ್ದು ಇಲ್ಲೇ. ಸುಮ್ನೆ ಫೋಟೋ ಚೆನ್ನಾಗಿರುವ ಗ್ಯಾಲಕ್ಸಿಗಳನ್ನು ಆರಿಸಿಕೊಂಡಿದ್ದೆ. ಎಂ51, ಎಂ101 ಎಲ್ಲ ಇದ್ದವು. ಗ್ರಾಫ್ ಹಾಕಿದರೆ ನೇರ ಗೆರೆ ಬರಬೇಕಾದ ಕಡೆ ಚೆಲ್ಲಿದ ಅವಲಕ್ಕಿ. ಎರಡು ವಾರ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿರಲಿಲ್ಲ. ಫೋಟೋದಲ್ಲಿ ಸುರುಳಿ ಚೆಂದ ಕಾಣುತ್ತದೆ ಅಂದರೆ ಅದು ಮುಖ ತೋರಿಸಿಕೊಂಡು ನಿಂತಿದೆ ಎಂದೇ ಅರ್ಥ. ಕ್ಯಾಲೆಂಡರಿನ ಸುಂದರಿಯರೆಲ್ಲ ಈ ಕೆಲಸಕ್ಕೆ ಬಾರದವರು.

ಎಷ್ಟು ಏಟು ಬೀಳುತ್ತದೆ ನೋಡಿ. ನಿಜವಾದ ಕೋನ 30 ಡಿಗ್ರಿ, ನೀವು 35 ಎಂದುಕೊಂಡಿರಿ. ವೇಗ 13 ಶೇಕಡ ಕಡಿಮೆ ಬರುತ್ತದೆ. ಬೆಳಕು ವೇಗದ ನಾಲ್ಕನೇ ಘಾತ, ದೂರ ಬೆಳಕಿನ ವರ್ಗಮೂಲ, ಅಂದರೆ ದೂರ ವೇಗದ ವರ್ಗಕ್ಕೆ ಅಂಟಿಕೊಂಡಿದೆ. ಹಾಗಾಗಿ ದೂರದಲ್ಲಿ 24 ಶೇಕಡ ತಪ್ಪು. ಅದೇ 80 ಡಿಗ್ರಿ ಇದ್ದದ್ದನ್ನು 85 ಎಂದುಕೊಂಡರೆ ತಪ್ಪು ಬರೀ 2 ಶೇಕಡ. ಹಾಗಾದರೆ ಅಂಚು ತೋರಿಸುವ ಗ್ಯಾಲಕ್ಸಿಗಳನ್ನೇ ತೆಗೆದುಕೊಂಡರಾಯಿತಲ್ಲ? ಅಲ್ಲಿ ಧೂಳಿನ ಕಾಟ. ಎನ್‌ಜಿಸಿ 891ರ ಫೋಟೋ ನೋಡಿ, ನಡುವೆ ಉದ್ದಕ್ಕೂ ಕಪ್ಪು ಪಟ್ಟಿ. ಧೂಳು ಬೆಳಕು ನುಂಗುವುದರಿಂದ ಗ್ಯಾಲಕ್ಸಿ ಇರುವುದಕ್ಕಿಂತ ಮಂಕಾಗಿ, ಅಂದರೆ ದೂರದಲ್ಲಿರುವಂತೆ ಕಾಣುತ್ತದೆ. 1979ರಲ್ಲಿ ಆರನ್‌ಸನ್, ಹುಕ್ರಾ ಮತ್ತು ಮೋಲ್ಡ್ ಇನ್‌ಫ್ರಾರೆಡ್‌ನಲ್ಲಿ ಹೊಳಪು ಅಳೆದು ಈ ಕಾಟ ಬಹಳ ಮಟ್ಟಿಗೆ ತಗ್ಗಿಸಿದರು. ಇನ್‌ಫ್ರಾರೆಡ್ ಬೆಳಕು ಧೂಳನ್ನು ಸುಲಭವಾಗಿ ದಾಟುತ್ತದೆ.

ಇನ್ನೊಂದು ಮಾತು. ಈ ವಿಧಾನ ತಾನಾಗಿ ಕೊಡುವುದು ಹೋಲಿಕೆಯನ್ನು ಮಾತ್ರ, ಅದು ಇದರ 10 ಪಟ್ಟು ದೂರ ಎಂಬಂತೆ. ನಿಜವಾದ ಜ್ಯೋತಿರ್ವರ್ಷದ ಲೆಕ್ಕ ಬೇಕಾದರೆ ದೂರ ಮೊದಲೇ ಗೊತ್ತಿರುವ ಕೆಲವು ಹತ್ತಿರದ ಗ್ಯಾಲಕ್ಸಿಗಳು ಬೇಕು. ಅವುಗಳ ದೂರ ಬರುವುದು ಹೆನ್ರಿಯೆಟಾ ಲೀವಿಟ್ ನಿಯಮ ಕಂಡುಹಿಡಿದ ಸೆಫೀಡ್ ನಕ್ಷತ್ರಗಳಿಂದ ಮತ್ತು ಕೆಂಪು ದೈತ್ಯ ನಕ್ಷತ್ರಗಳಿಂದ. ಆಮೇಲೂ ಒಂದೊಂದು ಗ್ಯಾಲಕ್ಸಿಗೆ ಸುಮಾರು 20 ಶೇಕಡ ತಪ್ಪು ಇದ್ದೇ ಇರುತ್ತದೆ. ಒಂದೇ ಗುಂಪಿನ 20 ಗ್ಯಾಲಕ್ಸಿಗಳ ಸರಾಸರಿ ತೆಗೆದರೆ ಅದು 4-5 ಶೇಕಡಕ್ಕೆ ಇಳಿಯುತ್ತದೆ. ಹಾಗಾಗಿ ಯಾರಾದರೂ ಒಂದೇ ಗ್ಯಾಲಕ್ಸಿಗೆ ಟುಲಿ-ಫಿಶರ್ ದೂರವನ್ನು ದಶಾಂಶದವರೆಗೆ ಹೇಳಿದರೆ ನಾನು ನಂಬುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ರೆಡ್‌ಶಿಫ್ಟ್ ಸಾಲದೇ? ಬಹಳ ದೂರಕ್ಕೆ ಸಾಕು. ಹತ್ತಿರಕ್ಕೆ ಸಾಲದು. ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿದೆ. ಕನ್ಯಾ ಗುಂಪಿನ ಸುರುಳಿ ಗ್ಯಾಲಕ್ಸಿ ಎಂ90 ಕೂಡ ನಮ್ಮ ಕಡೆ ಬರುತ್ತಿದೆ, ಆ ಗುಂಪು ಇರುವುದು 5 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ. ರೆಡ್‌ಶಿಫ್ಟ್ ನಂಬಿದರೆ ಅದರ ದೂರ ಮೈನಸ್ ಬರುತ್ತದೆ! ವಿಶ್ವ ಹಿಗ್ಗುವುದರಿಂದ ಬರುವ ವೇಗದ ಜೊತೆಗೆ ಗ್ಯಾಲಕ್ಸಿಗಳಿಗೆ ಸ್ವಂತ ಓಟವೂ ಇದೆ, ಸುತ್ತಲಿನ ದ್ರವ್ಯದ ಸೆಳೆತದಿಂದ. ದೂರವನ್ನು ಬೇರೆ ದಾರಿಯಲ್ಲಿ ಅಳೆದರೆ, ರೆಡ್‌ಶಿಫ್ಟ್ ವೇಗದಲ್ಲಿ ಹಿಗ್ಗುವಿಕೆಯ ಪಾಲು ಕಳೆದು ಆ ಸ್ವಂತ ಓಟವನ್ನು ಬೇರ್ಪಡಿಸಬಹುದು. ಟುಲಿ ಮತ್ತು ಸಂಗಡಿಗರು ಸಾವಿರಾರು ಗ್ಯಾಲಕ್ಸಿಗಳಿಗೆ ಹೀಗೆ ಮಾಡಿ, ಯಾವ ಗ್ಯಾಲಕ್ಸಿ ಯಾವ ಕಡೆ ಹರಿಯುತ್ತಿದೆ ಎಂಬ ನಕ್ಷೆ ಬರೆದರು. ನದಿಗಳ ಜಲಾನಯನ ಪ್ರದೇಶ ಗುರುತಿಸುವ ಹಾಗೆ ನಮ್ಮ ಕ್ಷೀರಪಥ ಸೇರಿರುವ ಮಹಾಗುಂಪಿನ ಗಡಿ ಗುರುತಿಸಿ, 2014ರಲ್ಲಿ ಅದಕ್ಕೆ ಲನಿಯಕೇಯ ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ಅಪಾರ ಆಕಾಶ ಎಂದರ್ಥ. ಅಡ್ಡಳತೆ ಸುಮಾರು 50 ಕೋಟಿ ಜ್ಯೋತಿರ್ವರ್ಷ.

ನೀವೇ ಮಾಡಿ ನೋಡಬೇಕೆಂದರೆ ಕಷ್ಟವೇನಿಲ್ಲ. ಎಕ್ಸ್‌ಟ್ರಾಗ್ಯಾಲಕ್ಟಿಕ್ ಡಿಸ್ಟೆನ್ಸ್ ಡೇಟಾಬೇಸ್ ಎಂಬ ಮುಕ್ತ ತಾಣದಲ್ಲಿ ಗೆರೆಯ ಅಗಲ, ಹೊಳಪು, ವಾಲಿಕೆ ಎಲ್ಲ ಸಿಗುತ್ತದೆ. ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದೇ ಗುಂಪಿನ ಗ್ಯಾಲಕ್ಸಿಗಳನ್ನು ತೆಗೆದುಕೊಳ್ಳಿ, ಆಗ ಎಲ್ಲದರ ದೂರ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಕಾಣುವ ಹೊಳಪನ್ನೇ ನೇರವಾಗಿ ಅಗಲದ ಲಾಗ್ ಎದುರು ಹಾಕಬಹುದು. ವಾಲಿಕೆಯ ಕಾಲಂನಲ್ಲಿ 45 ಡಿಗ್ರಿಗಿಂತ ಕಡಿಮೆ ಇರುವವನ್ನು ಮೊದಲೇ ಅಳಿಸಿಬಿಡಿ, ಎಷ್ಟೇ ಚೆಂದ ಇದ್ದರೂ.